ಅವಳದಾದ ಮೇಲೆ ನನ್ನದು

ಮದುವೆಯಾಗಿ ಬೇರೆ ಮನೆ ಹೂಡಿದ ಮೊದಲ ವಾರವೇ ಗಂಡ ಹೆಂಡತಿ ಕೂತು ಒಂದು ಒಪ್ಪಂದ ಮಾಡಿಕೊಂಡಿದ್ದರು. ಅವನ ಮನೆಯ ದೇವರು ಬೇರೆ, ಅವಳ ಮನೆಯ ದೇವರು ಬೇರೆ. ಎರಡು ಧರ್ಮವನ್ನು ಒಂದೇ ಸೂರಿನಡಿ ಇಟ್ಟುಕೊಂಡು ದಿನಾ ಪಂಚಾಯಿತಿ ಮಾಡುವ ಶಕ್ತಿ ಇಬ್ಬರಿಗೂ ಇರಲಿಲ್ಲ. "ಇಬ್ಬರು ದೇವರೂ ಚಪ್ಪಲಿ ಪಕ್ಕ ಹೊರಗೇ ಇರಲಿ ಬಿಡು. ಒಳಗೆ ನಾವಿಬ್ಬರೇ ಸಾಕು," ಎಂದು ಗಂಡ ನಕ್ಕಿದ್ದ. ಅವಳೂ ನಕ್ಕು ತಲೆಯಾಡಿಸಿದ್ದಳು. ಆ ವಯಸ್ಸಿನಲ್ಲಿ, ಪ್ರೀತಿಸಿದವನ ಎದುರು ಕೂತು, ದೇವರೇನು, ಇನ್ನು ಉಪ್ಪೇ ತಿನ್ನಬೇಡ ಅಂದಿದ್ದರೂ ತಲೆಯಾಡಿಸುತ್ತಿದ್ದಳು.

ಒಪ್ಪಂದ ಮುರಿಯದೆ ನಡೆದುಕೊಂಡು ಬಂತು. ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಇಳಿದು ಗ್ರೀಸು, ತಂತಿ ಎಂದು ಒದ್ದಾಡಿ ಬರುವವನಿಗೆ ಬಿಸಿ ಊಟ ಮತ್ತು ನಿದ್ದೆ ಬಿಟ್ಟರೆ ಇನ್ನೊಂದು ಮೋಕ್ಷ ಬೇಕಿರಲಿಲ್ಲ. ಅವಳು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗ ನೋಡಿಕೊಳ್ಳುತ್ತಿದ್ದಳು. ಹಬೆಯಲ್ಲಿ ಬೆಂದು ಬೆಂದು ಅವಳ ಬೆರಳ ತುದಿಗಳಿಗೆ ಬಿಸಿ ಎಂದರೇನೆಂಬುದೇ ಮರೆತುಹೋಗಿತ್ತು. ಮಗಳು ಬೆಳೆದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. "ನೀವು ಯಾವ ಪೈಕಿ?" ಎಂದು ಯಾರಾದರೂ ಕೇಳಿದರೆ "ನಾವು ಬಾಡಿಗೆ ಮನೆ ಪೈಕಿ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ನೋಡಿದವರು ಸುಖೀ ಸಂಸಾರ ಎನ್ನುತ್ತಿದ್ದರು. ಅದೇನೂ ಸುಳ್ಳಲ್ಲ.

ಆದರೂ ಹೆಂಡತಿಯ ಎದೆಯಲ್ಲಿ ಒಂದು ಮುಳ್ಳು ಉಳಿದುಬಿಟ್ಟಿತ್ತು. ಅವಳ ತವರಿನಲ್ಲಿ ಬೆಳಗಿನ ಪ್ರಾರ್ಥನೆ ಹೇಳುವುದು ಮನೆಯ ಹಿರಿಯ ಹೆಂಗಸಿನ ಕೆಲಸ; ಉಳಿದವರು ಕೇಳಿಸಿಕೊಂಡರೆ ಸಾಕು. ಪ್ರಾರ್ಥನೆಯ ಕೊನೆಗೆ ಆಕೆ ಮನೆಯವರ ಹೆಸರನ್ನು ಒಂದೊಂದಾಗಿ ಹೇಳಿ ದೇವರ ಕೈಗೆ ಒಪ್ಪಿಸುತ್ತಾಳೆ. ಬೇರೆ ಧರ್ಮದವರನ್ನು ಕಟ್ಟಿಕೊಂಡು ಹೋದವರ ಹೆಸರನ್ನು ಆ ಸಾಲಿನಲ್ಲಿ ಹೇಳಬಾರದೆಂಬುದು ಅವರ ಕಟ್ಟಳೆ. ಮದುವೆಯಾದ ಮೇಲೆ ತಾಯಿ ಅವಳೊಂದಿಗೆ ಮಾತು ಬಿಟ್ಟಳು, ಬಿಟ್ಟವಳು ಸಾಯುವವರೆಗೂ ಮತ್ತೆ ಆಡಲಿಲ್ಲ. ತಾಯಿ ಸತ್ತ ದಿನ ಓಡಿಹೋದರೆ ಅಣ್ಣ ಬಾಗಿಲಿಗೇ ಅಡ್ಡ ನಿಂತ. "ನೀನು ಹೋದ ಮಾರನೇ ಬೆಳಿಗ್ಗೆನೇ ಅಮ್ಮ ನಿನ್ನ ಹೆಸರು ಬಿಟ್ಟಳು. ಒಂದು ದಿನಾನೂ ಮತ್ತೆ ಹೇಳಲಿಲ್ಲ. ಇನ್ನೇನು ನೋಡೋಕೆ ಬಂದೆ?"

ಆ ಮಾತನ್ನು ಅವಳು ಗಂಡನಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ತಾಯಿ ಕೋಪಕ್ಕೆ ಬಿಟ್ಟಳೋ, ಮರೆತೇ ಹೋದಳೋ, ಅಥವಾ ಎಲ್ಲೋ ಒಂದು ಮೂಲೆಯಲ್ಲಾದರೂ ತನ್ನನ್ನು ಇಟ್ಟುಕೊಂಡಿದ್ದಳೋ, ಇದೊಂದು ತಿಳಿದಿದ್ದರೆ ಸಾಕಿತ್ತು. ಹೋಗಿ ಕೇಳೋಣವೆಂದರೆ ತಾಯಿಯೇ ಇರಲಿಲ್ಲ.

ಅಂಥ ಮನೆಗೆ ಅತ್ತೆ ಬಂದರು. ಹಳೇ ಸಾಲುಮನೆಯಲ್ಲಿ ಕಿರಿಮಗನ ಜೊತೆಗಿದ್ದವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಕಿರಿಸೊಸೆ ಹಸಿ ಬಾಣಂತಿ, ನೋಡಿಕೊಳ್ಳುವವರಿಲ್ಲ. ಆಸ್ಪತ್ರೆಯಿಂದ ಬಿಟ್ಟ ದಿನ ದೊಡ್ಡ ಮಗ ತಾಯಿಯನ್ನು ಸೀದಾ ತನ್ನ ಮನೆಗೇ ಕರೆತಂದ. ಈ ಮದುವೆಯ ಮೇಲೆ ಅವಳ ತಾಯಿ ಎಷ್ಟು ಬೆಂಕಿಯಾಗಿದ್ದಳೋ ಅತ್ತೆಯೂ ಅಷ್ಟೇ ಬೆಂಕಿಯಾಗಿದ್ದರು. ಆ ಸಾಲುಮನೆಯಲ್ಲಿ ಅತ್ತೆಯ ಮನೆಗೂ ಅವಳ ತವರಿಗೂ ನಡುವೆ ಒಂದೇ ಗೋಡೆ. ಆಚೆಯ ಹುಡುಗಿ, ಈಚೆಯ ಹುಡುಗ ಹೀಗೆ ಮಾಡಿಕೊಂಡರಲ್ಲ ಎಂದು ಇಬ್ಬರು ತಾಯಂದಿರೂ ಒಬ್ಬರ ಮುಖ ಒಬ್ಬರು ನೋಡುವುದನ್ನೇ ಬಿಟ್ಟಿದ್ದರು. ಮೊಮ್ಮಗಳು ಹುಟ್ಟಿದ ಮೇಲೆ ಅತ್ತೆ ಅಪರೂಪಕ್ಕೆ ಬಂದು, ಹಣ್ಣು ಇಟ್ಟು, ಒಂದು ಲೋಟ ನೀರೂ ಕುಡಿಯದೆ ಹೊರಡುತ್ತಿದ್ದರು. ಈಗ ಇರಲು ಬಂದಾಗಲೂ ಅವರ ಚೀಲದಲ್ಲಿ ಅವರದೇ ತಟ್ಟೆ, ಅವರದೇ ಲೋಟ ಇತ್ತು.

"ನಾನು ಬೇಯಿಸಿದ್ದು ಉಣ್ಣಬಹುದು, ನನ್ನ ತಟ್ಟೆ ಮಾತ್ರ ಆಗಲ್ವಾ ಅತ್ತೆ?" ಎಂದು ಸೊಸೆ ಮೊದಲ ದಿನವೇ ಕೇಳಿಬಿಟ್ಟಳು.

"ಇದು ಅಭ್ಯಾಸ ಆಗಿದೆ, ಅಷ್ಟೇ," ಎಂದರು ಅತ್ತೆ. "ಗಂಜಿಗೆ ಉಪ್ಪು ಕಮ್ಮಿ."

"ಡಾಕ್ಟರು ಕಮ್ಮಿ ಹಾಕಿ ಅಂದಿದ್ದಾರೆ."

"ಉಣ್ಣೋದು ಡಾಕ್ಟರಾ, ನಾನಾ?"

ಮಗಳು ತನ್ನ ಕೋಣೆಯನ್ನು ಅಜ್ಜಿಗೆ ಬಿಟ್ಟುಕೊಟ್ಟು ಹಾಲಿನ ಸೋಫಾ ಮೇಲೆ ಮಲಗತೊಡಗಿದಳು. ಸೊಸೆ ಬೆಳಿಗ್ಗೆ ಎದ್ದು ಅತ್ತೆಯನ್ನು ಬಚ್ಚಲಿಗೆ ನಡೆಸಿ, ಮೈ ಒರೆಸಿ, ಹಾಸಿಗೆ ಬದಲಿಸಿ, ಅಡುಗೆ ಮಾಡಿಟ್ಟು ಲಾಂಡ್ರಿಗೆ ಓಡಬೇಕಿತ್ತು. ಅದೆಲ್ಲ ಹೇಗೋ ಸಾಗಿತು. ಸಾಗದೇ ಹೋದದ್ದು ಇನ್ನೊಂದು. ಅತ್ತೆ ಬೆಳಕು ಹರಿಯುವ ಮೊದಲೇ ಹಾಸಿಗೆಯಲ್ಲಿ ಎದ್ದು ಕೂತು, ಸ್ವಲ್ಪ ಹೊತ್ತು ತುಟಿಯೊಳಗೇ ಏನೋ ಗೊಣಗಿಕೊಂಡು, ಆಮೇಲೆ ಗಟ್ಟಿಯಾಗಿ ತಮ್ಮ ದೇವರನ್ನು ಕರೆಯುತ್ತಿದ್ದರು. ಗಟ್ಟಿ ಎಂದರೆ ಕೆಳಗಿನ ಮಹಡಿಯವರಿಗೂ ಪುಣ್ಯ ಬರುವಷ್ಟು ಗಟ್ಟಿ.

ಸೊಸೆ ಕೆಲವು ದಿನ ಹಲ್ಲು ಕಚ್ಚಿಕೊಂಡಳು. ಆಮೇಲೊಂದು ಬೆಳಿಗ್ಗೆ ಗಂಡನ ಮುಂದೆ ಬ್ರೆಡ್ಡಿನ ತಟ್ಟೆ ಕುಕ್ಕಿದಳು.

"ಒಪ್ಪಂದ ಏನಾಯ್ತು?"

"ಯಾವ ಒಪ್ಪಂದ?"

"ಚಪ್ಪಲಿ ಪಕ್ಕ ಇದ್ದೋರು ಒಳಗೆ ಬಂದು ಕೂತಿದಾರಲ್ಲ."

ಗಂಡ ಕೋಣೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ವಯಸ್ಸಾದವಳು ಕಣೇ. ನೋವಲ್ಲಿದ್ದಾಳೆ. ಬಾಯಿ ಮುಚ್ಕೊ ಅಂತ ಹೇಳೋಕಾಗುತ್ತಾ?"

"ನನಗೆ ಹೇಳೋಕಾಗಿತ್ತಲ್ಲ."

"ನಿನಗೆ ನಾನೆಲ್ಲಿ ಹೇಳ್ದೆ? ನೀನೂ ಒಪ್ಪಿದ್ದೆ."

"ಒಪ್ಪಿದ್ದೆ. ಇಷ್ಟು ಸಲೀಸಾಗಿ ಮುರಿಯೋ ಸಾಮಾನು ಅಂತ ಗೊತ್ತಿದ್ರೆ ಇಷ್ಟು ವರ್ಷ ಜೋಪಾನ ಮಾಡ್ತಿರಲಿಲ್ಲ."

"ಸರಿ, ಈಗ ನೀನೂ ಶುರು ಮಾಡು. ಯಾರು ಬೇಡ ಅಂದ್ರು?"

"ನಿದ್ದೆ ದೇವರನ್ನೂ ಯಾರಾದ್ರೂ ಸ್ವಲ್ಪ ನೆನೆಸ್ಕೊಳ್ಳಿ," ಎಂದು ಸೋಫಾದ ಹೊದಿಕೆಯೊಳಗಿಂದ ಮಗಳು ಕೂಗಿದಳು. "ನಾನು ಆ ಪೈಕಿ."

ಗಂಡ ಅರ್ಧ ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡು, ಸಾಮಾನಿನ ಚೀಲ ಹೆಗಲಿಗೇರಿಸಿ ಹೊರಟುಹೋದ. ಯಾರು ಬೇಡ ಅಂದ್ರು ಎಂಬ ಅವನ ಮಾತು ಮಾತ್ರ ಅವಳ ಜೊತೆಗೆ ಲಾಂಡ್ರಿಗೂ ಬಂತು, ಸಂಜೆ ಅವಳ ಜೊತೆಗೇ ಮನೆಗೂ ವಾಪಸಾಯಿತು. ನಿಜವಾಗಿ ಯಾರೂ ಬೇಡ ಅಂದಿರಲಿಲ್ಲ.

ಮಾರನೇ ಬೆಳಿಗ್ಗೆ ಅವಳು ಅಡುಗೆಮನೆಯ ಬಾಗಿಲನ್ನು ಮುಂದಕ್ಕೆ ಮಾಡಿ, ಹಾಲನ್ನು ಒಲೆಯ ಮೇಲಿಟ್ಟು, ಕಣ್ಣು ಮುಚ್ಚಿ ನಿಂತಳು. ತಾಯಿ ಹೇಳುತ್ತಿದ್ದ ದನಿಯಲ್ಲೇ ಮೆಲ್ಲಗೆ ಶುರು ಮಾಡಿದಳು.

"ಕತ್ತಲೆ ದಾಟಿಸಿದವನೇ, ಬಾಗಿಲು ತೆಗೆದಿದೆ, ಒಳಗೆ ಬಾ. ಉಂಡವರನ್ನೂ ಉಣ್ಣದವರನ್ನೂ ಬಲ್ಲವನೇ, ಒಲೆ ಹಚ್ಚಿದೆ, ಒಳಗೆ ಬಾ."

ಅಷ್ಟಕ್ಕೇ ನಿಂತಿತು. ಮೂರನೇ ಸಾಲು ಎಷ್ಟು ತಡಕಿದರೂ ಕೈಗೆ ಸಿಗಲಿಲ್ಲ. ಹುಡುಗಿಯಾಗಿದ್ದಾಗ ಅವಳು ಈ ಎರಡು ಸಾಲನ್ನು ಹೊದಿಕೆಯೊಳಗೆ ಅರೆನಿದ್ದೆಯಲ್ಲಿ ಕೇಳುತ್ತಿದ್ದಳು. ಅಷ್ಟರಲ್ಲಿ ಎದ್ದು ಬಕೆಟ್ ಹಿಡಿದು ಬೀದಿ ನಲ್ಲಿಗೆ ಓಡಬೇಕಿತ್ತು. ತಡವಾದರೆ ಸರದಿ ಹೋಗಿ ನೀರೂ ನಿಂತುಬಿಡುತ್ತಿತ್ತು. ಅವಳು ತಿರುಗಿ ಬರುವ ಹೊತ್ತಿಗೆ ಪ್ರಾರ್ಥನೆ ಮುಗಿದು ತಾಯಿ ಟೀ ಸೋಸುತ್ತಿರುತ್ತಿದ್ದಳು. ಮುಂದೆ ಎಂದಾದರೂ ತಾಯಿಯೇ ಎದುರು ಕೂರಿಸಿಕೊಂಡು ಪೂರ್ತಿ ಹೇಳಿಕೊಡುತ್ತಾಳೆ ಎಂದುಕೊಂಡಿದ್ದಳು. ಎಲ್ಲ ಹೆಣ್ಣುಮಕ್ಕಳೂ ಹಾಗೆಯೇ ಅಂದುಕೊಂಡಿರುತ್ತಾರೆ.

ಹಾಲು ಉಕ್ಕಿ ಒಲೆ ಆರಿತು. ಒಲೆ ಒರೆಸುತ್ತಾ ಅವಳಿಗೆ ಅಳು ಬಂತು. ಹೆಸರು ಹೋಗಿದ್ದು ಗೊತ್ತಿತ್ತು, ಈಗ ತಾಯಿಯ ಮಾತೂ ಹೋಯಿತಲ್ಲ ಎಂದು ಅತ್ತಳು. ಆ ಕಡೆ ಕೋಣೆಯಲ್ಲಿ ಅತ್ತೆ ಒಂದು ಅಕ್ಷರವನ್ನೂ ತಪ್ಪದೆ ತಮ್ಮದನ್ನು ಹೇಳುತ್ತಿದ್ದರು. ಆ ಕ್ಷಣ ಅವಳಿಗೆ ಅತ್ತೆಯ ಮೇಲೆ ಹೊಟ್ಟೆ ಉರಿಯಿತು.

ಇದೇ ಸಮಯಕ್ಕೆ ಸರಿಯಾಗಿ ಮಗಳು ಒಂದು ಸುದ್ದಿ ತಂದಳು. ಅವಳ ಅಂಗಡಿಯ ಮೇಲಿನ ಸಭಾಂಗಣದಲ್ಲಿ ಬೇರೆ ಬೇರೆ ಧರ್ಮದವರು ತಿಂಗಳಿಗೊಮ್ಮೆ ಸೇರಿ ಮಾತಾಡುವ ಕೂಟವೊಂದಿತ್ತು. ಈ ಸಲ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಹೇಳುವ ಪ್ರಾರ್ಥನೆಯನ್ನು ಎಲ್ಲರ ಮುಂದೆ ಹೇಳಬೇಕಂತೆ.

"ನಿನ್ನ ಹೆಸರು ಕೊಟ್ಟಿದ್ದೀನಿ ಅಮ್ಮ," ಎಂದಳು ಮಗಳು, ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ.

"ನನ್ನ ಕೇಳದೆ?"

"ಕೇಳಿದ್ರೆ ಬೇಡ ಅಂತಿದ್ದೆ."

"ಈಗಲೂ ಬೇಡ. ನಿನಗ್ಯಾಕೆ ಇದೆಲ್ಲ? ಬಾಡಿಗೆ ಮನೆ ಪೈಕಿ ಅಂತ ಹಾಯಾಗಿದ್ದೆಯಲ್ಲ."

ಮಗಳು ಚಾಕು ಕೆಳಗಿಟ್ಟಳು. "ಅದು ತಮಾಷೆಗೆ ಅಮ್ಮ. ಅಂಗಡೀಲಿ ಎಲ್ಲರೂ ನಮ್ಮಜ್ಜಿ ಹೀಗೆ ಹೇಳ್ತಿದ್ರು, ನಮ್ಮಮ್ಮ ಹಾಗೆ ಹೇಳ್ತಾಳೆ ಅಂತ ಮಾತಾಡ್ತಾರೆ. ನಾನು ಸುಮ್ಮನೆ ಕನ್ನಡಕ ಒರೆಸ್ತಾ ಕೂತಿರ್ತೀನಿ. ಈ ಅಜ್ಜಿ ಹೇಳೋದು ಈಗ ದಿನಾ ಕಿವಿಗೆ ಬೀಳ್ತಿದೆ. ಆ ಅಜ್ಜಿ ಹೇಳ್ತಿದ್ದದ್ದು? ನಾನು ಆ ಅಜ್ಜಿ ಮುಖಾನೂ ನೋಡಿಲ್ಲ. ನಿನ್ನ ಹತ್ರ ಇದೆಯಲ್ಲ, ನನಗೂ ಸ್ವಲ್ಪ ಕೊಡು."

ನನ್ನ ಹತ್ತಿರವೂ ಇಲ್ಲ ಎಂದು ಹೇಳಲು ತಾಯಿಗೆ ಬಾಯಿ ಬರಲಿಲ್ಲ. "ನೋಡೋಣ," ಎಂದಳು. ಮಗಳು ಅದನ್ನು ಹೂಂ ಎಂದೇ ಲೆಕ್ಕ ಹಾಕಿಕೊಂಡಳು.

ಲಾಂಡ್ರಿಯ ಊಟದ ಬಿಡುವಿನಲ್ಲಿ, ಬಟ್ಟೆ ಗಂಟುಗಳ ಹಿಂದೆ ನಿಂತು ಅವಳು ಅಣ್ಣನಿಗೆ ಫೋನ್ ಮಾಡಿದಳು. ತಾಯಿಯ ಸಾವಿನ ದಿನದ ನಂತರ ಮಾಡಿದ ಮೊದಲ ಫೋನ್.

"ಅಣ್ಣಾ, ಅಮ್ಮನ ಬೆಳಗಿನ ಪ್ರಾರ್ಥನೆ ನಿನಗೆ ಪೂರ್ತಿ ಬರುತ್ತಾ?"

"ಗಂಡಸರು ಎಲ್ಲಾದ್ರೂ ಅದನ್ನ ಕಲೀತಾರಾ? ನಿಮ್ಮತ್ತಿಗೆ ಅವಳ ತವರಿನದು ಹೇಳ್ತಾಳೆ. ಈಗ ಮನೇಲಿ ಅದೇ."

"ಒಂದೆರಡು ಸಾಲಾದ್ರೂ ನೆನಪಿಲ್ವಾ?"

"ಇಲ್ಲ. ನೋಡು, ಬಿಟ್ಟುಹೋದ ಮೇಲೆ ಬಿಟ್ಟುಬಿಡಬೇಕು. ಅಮ್ಮ ನಿನ್ನ ಬಿಟ್ಟ ಹಾಗೆ."

"ಸರಿ, ಇಡ್ತೀನಿ."

"ಹುಷಾರಾಗಿದ್ದೀಯಾ?" ಎಂದು ಅವನು ಕೇಳುವಷ್ಟರಲ್ಲಿ ಅವಳು ಫೋನ್ ಇಟ್ಟಾಗಿತ್ತು.

ಭಾನುವಾರ ಕೂಟ ನಡೆಯಿತು. ಟೀ, ಬಿಸ್ಕತ್ತು, ಪ್ಲಾಸ್ಟಿಕ್ ಕುರ್ಚಿ. ಎಲ್ಲ ಧರ್ಮದ ತಿರುಳೂ ಒಂದೇ ಎಂದು ಎಲ್ಲರೂ ಒಪ್ಪಿದರು. ಮೊದಲು ಯಾರು ಮಾತಾಡಬೇಕು ಎಂಬುದರ ಬಗ್ಗೆ ಮಾತ್ರ ಒಮ್ಮತ ಬರಲಿಲ್ಲ. ಕ್ಷಮೆಯೇ ದೊಡ್ಡ ಗುಣ ಎಂದು ಬಹಳ ಹೊತ್ತು ಹೇಳಿದ ಹಿರಿಯರೊಬ್ಬರು, ತಮ್ಮ ಕುರ್ಚಿಯಲ್ಲಿ ಕೂತುಬಿಟ್ಟಿದ್ದ ಇನ್ನೊಬ್ಬ ಹಿರಿಯರನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಆದರೂ ನಡುನಡುವೆ ಒಬ್ಬೊಬ್ಬರು ಎದ್ದು ತಮ್ಮ ತಾಯಿಯದೋ ಅಜ್ಜನದೋ ಪ್ರಾರ್ಥನೆ ಹೇಳಿದಾಗ ಸಭೆ ನಿಜಕ್ಕೂ ಕಿವಿಯಾಗಿ ಕೂತಿತು. ಆ ನಿಶ್ಶಬ್ದ ನೋಡಿ ಅವಳಿಗೂ ಧೈರ್ಯ ಬಂತು. ನಿಂತರೆ ಬಂದೀತು, ಬಾಯಿ ತೆರೆದರೆ ತಾನೇ ಹರಿದೀತು ಎಂದುಕೊಂಡು ಎದ್ದಳು.

ಎರಡು ಸಾಲು ಬಂತು. ಮೂರನೆಯದು ಬರಲಿಲ್ಲ. ಅವಳು ಮೈಕಿನ ಮುಂದೆ ಬಾಯಿ ತೆರೆದುಕೊಂಡು ನಿಂತಳು, ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಯಾರೋ ಪುಣ್ಯಾತ್ಮರು ಕನಿಕರದಿಂದ ಚಪ್ಪಾಳೆ ತಟ್ಟಿದರು. ಕೂಟದ ಕಾರ್ಯದರ್ಶಿ ಮೈಕ್ ಇಸಿದುಕೊಂಡು, "ಚಿಕ್ಕದಾಗಿ ಚೊಕ್ಕವಾಗಿತ್ತು," ಎಂದರು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬಸ್ಸಿನಲ್ಲಿ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. "ಗೊತ್ತಿಲ್ಲ ಅಂತ ಮೊದಲೇ ಹೇಳಬಾರದಿತ್ತಾ?"

"ನಾಚಿಕೆ ಆಯ್ತು."

"ಯಾರ ಹತ್ರ?"

"ನಿನ್ನ ಹತ್ರಾನೇ."

ಆಮೇಲೆ, ಬಸ್ಸು ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಹೆಸರು ಬಿಟ್ಟ ಕಥೆಯನ್ನು ಅವಳು ಮಗಳಿಗೆ ಹೇಳಿದಳು. ಅಣ್ಣ ಬಾಗಿಲಿಗೆ ಅಡ್ಡ ನಿಂತದ್ದು, ತಾನು ತಾಯಿಯ ಮುಖ ನೋಡದೆ ತಿರುಗಿ ಬಂದದ್ದು, ಎಲ್ಲ.

"ಆ ಅಜ್ಜಿ ಅಷ್ಟು ಕೆಟ್ಟವಳಾ ಅಮ್ಮ?"

"ಕೆಟ್ಟವಳಾಗಿದ್ರೆ ಎಷ್ಟೋ ವಾಸಿಯಿತ್ತು. ನನಗೆ ಜ್ವರ ಬಂದ್ರೆ ಉಣ್ಣದೆ ಕೂರ್ತಿದ್ದವಳು."

ಮಗಳು ತಾಯಿಯ ಕೈಚೀಲವನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಮನೆಗೆ ಬಂದವಳೇ ಅಜ್ಜಿಗೆ ಊಟ ಬಡಿಸುತ್ತಾ, ಕೂಟದಲ್ಲಿ ಆದದ್ದನ್ನೂ ಬಸ್ಸಿನಲ್ಲಿ ಕೇಳಿದ್ದನ್ನೂ ಒಂದೇ ಉಸಿರಿಗೆ ಒದರಿದಳು. "ನಿಮ್ಮ ಕಾಲದವರಿಗೆ ದೇವರೊಬ್ಬ ಇದ್ರೆ ಸಾಕು, ಮಕ್ಕಳು ಬೇಡ!" ಎಂದಳು. ಅತ್ತೆ ತುತ್ತು ಎತ್ತಿದವರು ಹಾಗೇ ತಟ್ಟೆಗೆ ಬಿಟ್ಟರು. ಎಂದಿನಂತೆ ಉಪ್ಪು ಕಮ್ಮಿ ಎನ್ನಲೂ ಇಲ್ಲ.

ಮಾರನೇ ದಿನ ಸೊಸೆಗೆ ರಜೆ. ಗಂಡನೂ ಮಗಳೂ ಕೆಲಸಕ್ಕೆ ಹೋದ ಮೇಲೆ ಅವಳು ಒಗೆದು ಒಣಗಿಸಿದ ಬೆಡ್‌ಶೀಟುಗಳನ್ನು ತಂದು ಅತ್ತೆಯ ಕೋಣೆಯಲ್ಲಿ ರಾಶಿ ಹಾಕಿದಳು. ಬೆಡ್‌ಶೀಟ್ ಚೆನ್ನಾಗಿ ಮಡಚಲು ಇಬ್ಬರು ಬೇಕು. ಈಚೆಗೆ ಅತ್ತೆ ಕುರ್ಚಿಯಲ್ಲಿ ಕೂತೇ ಎರಡು ತುದಿ ಹಿಡಿದುಕೊಳ್ಳುತ್ತಿದ್ದರು; ಸೊಂಟ ಮುರಿದಿದ್ದರೂ ಕೈಗೆ ಏನೂ ಆಗಿಲ್ಲ ಎಂಬುದು ಅವರ ಜಂಬ.

"ಎರಡು ಸಾಲಿಗೇ ನಿಲ್ಲಿಸಿದೆಯಂತೆ," ಎಂದರು ಅತ್ತೆ.

"ಹೂಂ."

"ಮೂರನೇದು ಗೊತ್ತಿಲ್ವಾ?"

"ಗೊತ್ತಿದ್ರೆ ಅಷ್ಟು ಜನರ ಮುಂದೆ ಮಾನ ಕಳ್ಕೊಳ್ತಿದ್ನಾ ಅತ್ತೆ? ಆ ತುದಿ ಸ್ವಲ್ಪ ಬಿಗಿ ಹಿಡೀರಿ."

ಅತ್ತೆ ತುದಿಯನ್ನು ಬಿಗಿ ಹಿಡಿದರು. "'ಕೊಟ್ಟದ್ದೂ ನಿನ್ನದು, ಕೊಡದೆ ಹೋದದ್ದೂ ನಿನ್ನದು, ಎರಡಕ್ಕೂ ತಲೆಬಾಗಿದೆ, ಒಳಗೆ ಬಾ.' ಇದು ಮೂರನೇದು."

ಸೊಸೆಯ ಕೈಯಿಂದ ಬಟ್ಟೆ ಜಾರಿತು. ಅವಳು ಅತ್ತೆಯನ್ನೇ ನೋಡುತ್ತಾ ನಿಂತಳು. "ನಿಮಗೆ ಹೇಗೆ ಗೊತ್ತು?"

"ಹೇಗೆ ಗೊತ್ತು ಅಂದ್ರೆ? ಆ ಗೋಡೆ ಏನು ಕೋಟೆ ಗೋಡೆನಾ? ನನ್ನ ಮಂಚ ಅದಕ್ಕೇ ಒರಗಿಸಿತ್ತು. ನಿಮ್ಮಮ್ಮ ಕೆಮ್ಮಿದ್ರೆ ನನ್ನ ದಿಂಬು ಅಲುಗ್ತಿತ್ತು. ದಿನಾ ಬೆಳಿಗ್ಗೆ ಅವಳದಾದ ಮೇಲೆ ನನ್ನದು. ಇಬ್ಬರೂ ಒಟ್ಟಿಗೆ ಶುರು ಮಾಡಿದ್ರೆ ಮೇಲಿರೋರಿಗೆ ಯಾರದು ಕೇಳಬೇಕು ಅಂತ ತಲೆ ಕೆಡಲ್ವಾ?"

"ಹಾಗಂತ ಇಬ್ಬರೂ ಮಾತಾಡ್ಕೊಂಡಿದ್ರಾ?"

"ಮಾತೆಲ್ಲಿ ಬಂತು? ನೀವಿಬ್ಬರು ಆ ಘನಕಾರ್ಯ ಮಾಡಿದ ಮೇಲೆ ನಮಗೆ ಮಾತೇ ಇರಲಿಲ್ಲ. ಆದರೂ ಅವಳು ಮುಗಿಸದೆ ನಾನು ಬಾಯಿ ತೆಗೀತಿರಲಿಲ್ಲ. ಒಂದ್ಸಲ ನನಗೆ ಜ್ವರ, ಏಳೋಕಾಗಲಿಲ್ಲ. ಅವಳು ತನ್ನದು ಮುಗಿಸಿ ಕಾದಳು, ಕಾದಳು, ಕೊನೆಗೆ ಗೋಡೆಗೆ ತಟ್ಟಿದಳು. ಬದುಕಿದ್ದೀನೋ ಇಲ್ವೋ ಅಂತ. ನಾನೂ ಮಲಗಿದಲ್ಲಿಂದ ತಟ್ಟಿದೆ. ಅಷ್ಟೇ ನಮ್ಮ ಮಾತು."

ಅತ್ತೆ ಮಡಿಲಲ್ಲಿದ್ದ ಬಟ್ಟೆಯ ಸುಕ್ಕನ್ನು ತೀಡುತ್ತಾ ಮುಂದುವರಿಸಿದರು. "ಅವಳು ತೀರಿಹೋದ ಮಾರನೇ ದಿನ ಎದ್ದು ಕೂತು ಕಾಯ್ತಿದ್ದೆ. ಬಿಸಿಲು ಬಂತು. ಆ ಕಡೆಯಿಂದ ಸದ್ದಿಲ್ಲ. ನನ್ನದು ಹೇಗೆ ಶುರು ಮಾಡಬೇಕು ಅಂತಾನೇ ತಿಳೀಲಿಲ್ಲ. ಆಮೇಲಿಂದ ಅವಳದನ್ನ ನಾನೇ ಮೆಲ್ಲಗೆ ಹೇಳ್ಕೋತೀನಿ. ಅದಾದ ಮೇಲೆ ನನ್ನದು. ತಪ್ಪೋ ಸರಿಯೋ, ಯಾರನ್ನ ಕೇಳೋದು? ನಿನ್ನ ಗಂಡನಿಗೂ ಹೇಳಿಲ್ಲ."

ದಿನಾ ಬೆಳಿಗ್ಗೆ ಈ ಕೋಣೆಯಲ್ಲಿ ಅತ್ತೆ ತುಟಿಯೊಳಗೇ ಗೊಣಗಿಕೊಳ್ಳುತ್ತಿದ್ದದ್ದು ತನ್ನ ತಾಯಿಯ ಮಾತು! ಒಂದೇ ಬಾಗಿಲಿನ ಈಚೆ ನಿಂತು ತಾನು ಹಲ್ಲು ಕಡಿಯುತ್ತಿದ್ದಳು. ಸೊಸೆ ಮಂಚದ ಅಂಚಿನಲ್ಲಿ ಕೂತಳು. "ಪೂರ್ತಿ ಹೇಳಿ ಅತ್ತೆ. ಮೊದಲಿಂದ."

ಅತ್ತೆ ಕಣ್ಣು ಮುಚ್ಚಿದರು. ದನಿ ಬೇರೆಯೇ ಆಯಿತು. ತಮ್ಮ ದೇವರನ್ನು ಕರೆಯುವ ಗಟ್ಟಿ ದನಿಯಲ್ಲ, ಇನ್ನೊಬ್ಬರಿಂದ ಎರವಲು ತಂದಂಥ ತಗ್ಗಿದ ದನಿ. ಮೊದಲ ಸಾಲು ಹೇಳಿದರು, ಎರಡನೆಯದು ಹೇಳಿದರು. ನಂತರ, ಅದೇ ರಾಗದಲ್ಲಿ, "ಏಳೇ ಗುಬ್ಬೀ, ನೀರು ಬಂತು," ಎಂದು ಹೇಳಿ ಸುಮ್ಮನಾದರು.

ತಾಯಿಯ ಹೊರತು ಅವಳನ್ನು ಗುಬ್ಬಿ ಎಂದು ಯಾರೂ ಕರೆದವರಿಲ್ಲ. ಆ ಹೆಸರು ಕೇಳಿ ಎಷ್ಟೋ ಕಾಲವಾಗಿತ್ತು. "ಅದು ಪ್ರಾರ್ಥನೆಯಲ್ಲ ಅತ್ತೆ," ಎಂದಳು ಕಷ್ಟಪಟ್ಟು. "ಅದು ನನ್ನ ಎಬ್ಬಿಸೋಕೆ ಹೇಳ್ತಿದ್ದದ್ದು. ನಲ್ಲಿಗೆ ಹೋಗೋಕೆ."

"ನನಗೇನು ಗೊತ್ತಿಲ್ವಾ? ನೀನಿದ್ದಾಗ ನಿನ್ನ ಎಬ್ಬಿಸೋಕೆ. ನೀನು ಹೋದ ಮೇಲೆ ಯಾರನ್ನ ಎಬ್ಬಿಸ್ತಿದ್ದಳು?"

ಸೊಸೆ ಜಾರಿಬಿದ್ದಿದ್ದ ಬಟ್ಟೆಯ ತುದಿಯನ್ನು ಮಡಿಲಿಗೆ ಎಳೆದುಕೊಂಡಳು.

"ನೀನು ಹೋದ ಮಾರನೇ ದಿನವೂ ಹೇಳಿದಳು. ಬಾಯಿತಪ್ಪಿ ಬಂತೇನೋ ಅಂದ್ಕೊಂಡೆ. ಅದರ ಮಾರನೇ ದಿನವೂ ಹೇಳಿದಳು. ಆಮೇಲೆ ಮನೆಯೊಳಗೇ ನಲ್ಲಿ ಬಂತು, ಬೀದಿಗೆ ಯಾರೂ ಹೋಗ್ತಿರಲಿಲ್ಲ, ಆಗಲೂ ಹೇಳಿದಳು. ಹೇಳಿ ಸ್ವಲ್ಪ ನಿಲ್ಲಿಸ್ತಿದ್ದಳು, ಆ ಕಡೆಯಿಂದ ಏನೋ ಬರಬೇಕು ಅನ್ನೋ ಹಾಗೆ. ಆಮೇಲೆ ಮೂರನೇದಕ್ಕೆ ಹೋಗ್ತಿದ್ದಳು. ಕೊನೇ ದಿನದವರೆಗೂ ಹಾಗೇ. ನಾನು ಅದೊಂದನ್ನ ಬಿಟ್ಟು ಹೇಳೋಕೆ ನೋಡಿದೀನಿ, ಮುಂದಿನ ಸಾಲೇ ನೆನಪಿಗೆ ಬರಲ್ಲ."

"ಕೊನೆಯಲ್ಲಿ... ಹೆಸರು ಹೇಳುವಾಗ?"

"ಹೆಸರಿನ ಸಾಲಲ್ಲಿ ನೀನಿರಲಿಲ್ಲ. ಸುಳ್ಳು ಯಾಕೆ ಹೇಳಲಿ? ಕಟ್ಟಳೆ ಮೀರೋ ಹೆಂಗಸಲ್ಲ ಅವಳು. ನಿಮ್ಮಣ್ಣ ಹೇಳಿದ್ದು ನಿಜವೇ. ಅವನು ಹೆಸರಿದೆಯೋ ಇಲ್ವೋ ಅಂತ ನೋಡಿದ. ಎಬ್ಬಿಸೋ ಮಾತನ್ನ ಯಾವ ಗಂಡಸು ಪ್ರಾರ್ಥನೆ ಅಂತ ಎಣಿಸ್ತಾನೆ?"

ಅಷ್ಟು ದಿನ ಎದೆಯಲ್ಲಿದ್ದ ಮುಳ್ಳು ಕಿತ್ತು ಬಂತು, ಬರುವಾಗ ನಾಟಿದ್ದಕ್ಕಿಂತ ಹೆಚ್ಚು ನೋಯಿಸಿತು. ತಾಯಿ ಕರೆಯುತ್ತಲೇ ಇದ್ದಳು. ದಿನಾ ಬೆಳಿಗ್ಗೆ ಕರೆದಳು. ತಾನು ಬಸ್ಸು ಹತ್ತಿದರೆ ತಲುಪುವ ದೂರದಲ್ಲಿ, ಇನ್ನೊಂದು ಮನೆಯ ಒಲೆಯ ಮುಂದೆ, ಕರೆಯುವವರು ಯಾರೂ ಇಲ್ಲವೆಂದು ಬಿಗಿದುಕೊಂಡು ನಿಂತಿದ್ದಳು. ಒಂದೇ ಒಂದು ಬೆಳಿಗ್ಗೆ ಹೋಗಿ ತವರಿನ ಕಿಟಕಿಯ ಕೆಳಗೆ ನಿಂತಿದ್ದರೂ ಸಾಕಿತ್ತು. ಅವಳು ಮಡಚದ ಬೆಡ್‌ಶೀಟಿನಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿಯೇ ಅತ್ತಳು. ಅತ್ತೆ ತಡೆಯಲಿಲ್ಲ.

ಅಳು ಇಳಿದ ಮೇಲೆ ಸಿಟ್ಟು ಬಂತು. "ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅತ್ತೆ? ಅಮ್ಮ ಇದ್ದಾಗ ಒಂದು ಮಾತು ಹೇಳಿದ್ರೆ ನಾನು ಓಡಿಬರ್ತಿದ್ದೆ."

ಅತ್ತೆ ಕಿಟಕಿಯ ಕಡೆ ನೋಡಿದರು. "ಹೇಳಬೇಕಿತ್ತು. ಹೇಳಿದ್ರೆ ನನ್ನದೂ ಹೇಳಬೇಕಾಗ್ತಿತ್ತು. ನಾನು ನನ್ನ ಮಗನ ಹೆಸರನ್ನ ಎತ್ತುತ್ತಿರಲಿಲ್ಲ, ಈ ಹುಡುಗಿ ಹುಟ್ಟೋವರೆಗೂ. ನಮ್ಮ ಕಡೆ ಹಾಗೆ ಕಟ್ಟಳೆ ಏನೂ ಇಲ್ಲ, ಬರೀ ಹಟ. ಆ ಕಡೆ ಅವಳು ಮಗಳನ್ನ ಕರೆಯೋದು ಕೇಳಿದಷ್ಟೂ ನನಗೆ ಹಟ ಏರ್ತಿತ್ತು. ಅವಳಿಗಿಂತ ನಾನು ಗಟ್ಟಿ ಅಂತ ತೋರಿಸ್ಬೇಕಿತ್ತು. ಯಾರಿಗೆ ಅಂತ ಕೇಳಬೇಡ."

ಸೊಸೆ ಕೇಳಲಿಲ್ಲ. ಕೇಳಿದ್ದರೆ ಜಗಳವಾಗುತ್ತಿತ್ತು, ಆ ಜಗಳಕ್ಕೆ ಅವಳಲ್ಲಿ ಆಗ ತ್ರಾಣ ಇರಲಿಲ್ಲ. ಎದ್ದು ಮುಖ ತೊಳೆದು ಬಂದು, ಬಿದ್ದಿದ್ದ ಬೆಡ್‌ಶೀಟಿನ ತುದಿಗಳನ್ನು ಮತ್ತೆ ಅತ್ತೆಯ ಕೈಗೆ ಕೊಟ್ಟಳು. ಉಳಿದದ್ದನ್ನು ಇಬ್ಬರೂ ಸೇರಿ ಮಡಚಿದರು.

ಸಂಜೆ ಊಟದ ಹೊತ್ತಿಗೆ ಗಂಡನಿಗೂ ಮಗಳಿಗೂ ವಿಷಯ ತಿಳಿಯಿತು. "ಗೋಡೆ ತಟ್ಟಿದ್ದು ನನಗೂ ಕೇಳಿಸಿತ್ತು, ಅಮ್ಮನಿಗೆ ಜ್ವರ ಅಂತ ಹಿಂದಿನ ರಾತ್ರಿ ಅಲ್ಲೇ ಉಳಿದಿದ್ದೆ," ಎಂದ ಗಂಡ. "ಇಲಿ ಅಂದ್ಕೊಂಡೆ." ಯಾರೂ ನಗಲಿಲ್ಲ. ಹೆಂಡತಿ ಪಾತ್ರೆ ತೆಗೆಯಲು ಬಗ್ಗಿದಾಗ ಅವನು ಮೆಲ್ಲಗೆ ಹೇಳಿದ, "ಹೊರಗೆ ನಿಲ್ಲಿಸಿದ್ದು ದೇವರನ್ನ ಅಂದ್ಕೊಂಡಿದ್ದೆ ಕಣೇ. ನಿಮ್ಮಮ್ಮನ್ನ ಅಂತ ಗೊತ್ತಿರಲಿಲ್ಲ."

"ನನಗೂ ಗೊತ್ತಿರಲಿಲ್ಲ," ಎಂದಳು ಹೆಂಡತಿ. "ಕೈ ತೊಳ್ಕೊ, ಹೋಗು."

ಮಾರನೇ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲೇ ಎದ್ದು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತಳು. ಸೋಫಾದ ಮೇಲೆ ಮಗಳೂ ಹೊದಿಕೆ ಸರಿಸಿ ಎದ್ದು ಕೂತಿದ್ದಳು. ಅತ್ತೆ ದಿಂಬಿಗೆ ಒರಗಿ ಕಣ್ಣು ಮುಚ್ಚಿ ಶುರು ಮಾಡಿದರು. ಇವತ್ತು ತುಟಿಯೊಳಗೆ ಗೊಣಗಲಿಲ್ಲ, ಎಲ್ಲರಿಗೂ ಕೇಳುವಂತೆ ಹೇಳಿದರು.

"ಕತ್ತಲೆ ದಾಟಿಸಿದವನೇ, ಬಾಗಿಲು ತೆಗೆದಿದೆ, ಒಳಗೆ ಬಾ. ಉಂಡವರನ್ನೂ ಉಣ್ಣದವರನ್ನೂ ಬಲ್ಲವನೇ, ಒಲೆ ಹಚ್ಚಿದೆ, ಒಳಗೆ ಬಾ. ಏಳೇ ಗುಬ್ಬೀ, ನೀರು ಬಂತು."

ಹೇಳಿ ನಿಲ್ಲಿಸಿದರು.

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅತ್ತೆ ಕಾದರು.

"ಎದ್ದೆ, ಅಮ್ಮಾ," ಎಂದಳು.

ಅತ್ತೆ ಕಣ್ಣು ತೆರೆಯದೆ ಮೂರನೇ ಸಾಲಿಗೆ ಹೋದರು.